ರಾಳ ಹೆಪ್ಪುಗಟ್ಟುವ ಗಡಿ

ಕಲ್ಯಾಣಿಯ ಕೋಟೆಯ ಹಿಂದಿನ ಓಣಿಯಲ್ಲಿ ಗಯಾಸುದ್ದೀನನ ಮನೆ. ಆ ಊರಿಗೆ ಬಸವಕಲ್ಯಾಣ ಎಂಬ ಹೆಸರು ಬರಲು ಇನ್ನೂ ಕೆಲವು ವರ್ಷ ಬಾಕಿಯಿದ್ದ ಕಾಲ ಅದು. ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿ ಸಂಶೋಧನೆಗೆ ಕೂತಿದ್ದವನು ನಲವತ್ತೆಂಟರ ಮಳೆಗಾಲದಲ್ಲಿ ರಜೆಗೆಂದು ಮನೆಗೆ ಬಂದ. ಹಿಂತಿರುಗಿ ಹೋಗಲಿಲ್ಲ. ಆ ಸೆಪ್ಟೆಂಬರಿನಲ್ಲಿ ನಿಜಾಮರ ರಾಜ್ಯ ಬಿತ್ತು. ಭಾರತದ ಫೌಜು ಬಂತು, ಫೌಜಿನ ಬೆನ್ನಿಗೆ ಮುಸಲ್ಮಾನರ ಮೇಲೆ ಸೇಡೂ ಬಂತು. ಅವನ ಅಣ್ಣ ಅಜೀಮುದ್ದೀನ ಅದೇ ವಾರ ಹುಮನಾಬಾದಿನ ದಾರಿ ಹಿಡಿದು ಹೋದವನು ಮನೆ ಸೇರಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ.

ಅಲ್ಲಿಂದಾಚೆ ಗಯಾಸುದ್ದೀನ ಊರ ಅಗಸಿ ಬಾಗಿಲು ದಾಟಲಿಲ್ಲ. ಮಸೀದಿಗೆ ಹೋದರೆ ಹೋದ, ಮನೆಗೆ ಬಂದರೆ ಬಂದ. ಬೀದಿಯಲ್ಲಿ ಯಾರಾದರೂ ಗಟ್ಟಿಯಾಗಿ ಕರೆದರೆ ಅಂಗೈ ಬೆವರುತ್ತಿತ್ತು. ಹಗಲೆಲ್ಲ ಪಡಸಾಲೆಯಲ್ಲಿ ಕೂತು ಕಲ್ಲಿನ ಪಾಟಿಯ ಮೇಲೆ ಗೆರೆ ಎಳೆಯುವುದು, ಒರೆಸುವುದು. ನೋಡಿದವರಿಗೆ ಅದು ಮರಗಳ ಚಿತ್ರ. ಒಂದು ಕಾಂಡ, ಅದಕ್ಕೆರಡು ಕೊಂಬೆ, ಕೊಂಬೆಗೆ ಮತ್ತೆರಡು. ತಾಯಿ ಬೀಬಿಜಾನ ಒಲೆಯ ಮುಂದಿನಿಂದಲೇ ಅದನ್ನು ನೋಡಿ ಸುಮ್ಮನಾಗುತ್ತಿದ್ದಳು. ಉಳಿದ ಒಬ್ಬ ಮಗ ಕಣ್ಣೆದುರು ಇದ್ದಾನೆ, ಅಷ್ಟು ಸಾಕು ಎಂದು.

ಸಣ್ಣ ಕಣಗಳು ಒಂದಕ್ಕೊಂದು ಕೂಡಿ ದೊಡ್ಡ ಅಣುವಾಗುವ ಬಗೆಯನ್ನು ಗಣಿತದಲ್ಲಿ ಹಿಡಿಯುವುದು ಅವನ ಸಂಶೋಧನೆಯ ವಿಷಯವಾಗಿತ್ತು. ಬೇರೆ ಕಣವನ್ನು ಹಿಡಿಯಲು ಎರಡೇ ಕೈಯಿರುವ ಕಣಗಳಷ್ಟೇ ಇದ್ದರೆ ಸಾಲಾಗಿ ಕೂಡಿ ಸರಪಳಿಯಾಗುತ್ತವೆ. ನಡುವೆ ಮೂರು ಕೈಯವು ಸೇರಿಕೊಂಡರೆ ಸರಪಳಿ ಕವಲೊಡೆಯುತ್ತದೆ. ಕವಲು ಒಂದು ಮಟ್ಟ ದಾಟಿದರೆ ಪಾತ್ರೆಯಲ್ಲಿರುವ ದ್ರವವೆಲ್ಲ ಒಮ್ಮೆಗೇ ಒಂದೇ ಬಲೆಯಾಗಿ ಹೆಪ್ಪುಗಟ್ಟಿಬಿಡುತ್ತದೆ. ಆ ಮಟ್ಟ ಎಲ್ಲಿದೆ ಎಂದು ಪಾತ್ರೆಗೆ ಕೈ ಹಾಕದೆ ಮೊದಲೇ ಹೇಳಬಹುದೇ? ಹೇಳಬಹುದೆಂದು ಅವನ ನಂಬಿಕೆ. ಪಾತ್ರೆಯನ್ನು ಮಾತ್ರ ಅವನು ಸರಿಯಾಗಿ ನೋಡಿಯೇ ಇರಲಿಲ್ಲ.

ನಲವತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಹುಮನಾಬಾದಿನಿಂದ ದೇವಿದಾಸ ಬಂದ. ಇಬ್ಬರೂ ಬೀದರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅದಕ್ಕೂ ಮುಂಚೆ, ನಿಜಾಮರ ಪರ ನಿಂತ ರಜಾಕಾರರ ಹಾವಳಿಯಲ್ಲಿ ದೇವಿದಾಸನ ಮನೆ ಸುಟ್ಟಿತ್ತು. ಅವನ ಕುಟುಂಬ ರಾತ್ರೋರಾತ್ರಿ ಸೋಲಾಪುರಕ್ಕೆ ಓಡಿಹೋಗಿ, ಅಲ್ಲೊಂದು ಬಣ್ಣದ ಕಾರ್ಖಾನೆಯಲ್ಲಿ ಕೂಲಿ ಮಾಡಿ ಬದುಕಿತ್ತು. ಈಗ ಮರಳಿ ಬಂದು ಅದೇ ಕಸುಬನ್ನು ಊರಲ್ಲಿ ಶುರು ಮಾಡಿದ್ದ. ಗಯಾಸುದ್ದೀನ ಬಾಗಿಲಲ್ಲಿ ಅವನನ್ನು ನೋಡಿದಾಗ ಯಾರು ಯಾರಿಗೆ ಏನು ಕೇಳಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

“ಅಜೀಮಣ್ಣನ ಸುದ್ದಿ ಕೇಳೀನಿ,” ಎಂದ ದೇವಿದಾಸ.

“ನಿಮ್ಮ ಮನೀದೂ ಕೇಳೀನಿ,” ಎಂದ ಗಯಾಸುದ್ದೀನ.

ಚಹಾ ಕುಡಿದ ಮೇಲೆ ದೇವಿದಾಸ ಬಂದ ಕೆಲಸ ಹೇಳಿದ. ಬಸ್ಸಿನ ಮೈಗೆ ಬಳಿಯುವ ವಾರ್ನಿಶ್ ಮಾಡಲು ಕುಸುಬೆ ಎಣ್ಣೆ, ಗ್ಲಿಸರಿನ್ ಮತ್ತು ಮುಂಬೈಯಿಂದ ಬರುವ ಥ್ಯಾಲಿಕ್ ಎಂಬ ಬಿಳಿ ಹರಳು, ಈ ಮೂರನ್ನೂ ದೊಡ್ಡ ಹಂಡೆಯಲ್ಲಿ ಕುದಿಸಿ ರಾಳ ತೆಗೆಯಬೇಕು. ಎರಡು ಸಲ ಕುದಿಸಿದ್ದ. ಎರಡು ಸಲವೂ ಹಂಡೆ ಹೆಪ್ಪುಗಟ್ಟಿತ್ತು.

“ಗಟ್ಟಿ ಆತಂದ್ರ ಹ್ಯಾಂಗ ತೆಗಿತೀ?” ಎಂದು ಕೇಳಿದ ಗಯಾಸುದ್ದೀನ.

“ಮಚ್ಚೇಂದ್ರ ಅಂತ ಆಳು ಇದ್ದಾನ. ಉಳಿ, ಸುತ್ತಿಗಿ ಹಿಡಕೊಂಡು ಹಂಡೇದಾಗ ಇಳಿತಾನ. ಬಾಯಿ ಸಣ್ಣದು, ಗಾಳಿ ಆಡಂಗಿಲ್ಲ. ಹೋದ ಸಲ ಒಳಗ ಬೇಹೋಶ್ ಆಗಿ ಬಿದ್ದ. ಹಗ್ಗ ಕಟ್ಟಿದ್ದಿವಿ ಅಂತ ಉಳದ.” ದೇವಿದಾಸ ತಲೆ ತಗ್ಗಿಸಿದ. “ನೀ ಇದನ್ನ ಓದೀದಿ. ಎಲ್ಲಿ ನಿಲ್ಲಿಸಬೇಕು ಅಂತ ಹೇಳಿದ್ರ ಸಾಕು.”

ಬೀಬಿಜಾನ ಒಳಗಿನಿಂದಲೇ ಹೇಳಿದಳು, “ಆ ರಸ್ತಾ ಮ್ಯಾಲ ನಾ ಇನ್ನೊಬ್ಬ ಮಗನ್ನ ಕಳಸಂಗಿಲ್ಲ, ಬೇಟಾ.”

ದೇವಿದಾಸ ಎದ್ದು ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತ. “ನಾನೇ ಕರಕೊಂಡು ಹೋಗ್ತೀನಿ ಅಮ್ಮಾ. ನಾನೇ ತಂದು ಬಿಡ್ತೀನಿ.”

 ಮರುದಿನ ಬೆಳಿಗ್ಗೆ ಆಕೆ ಬುತ್ತಿ ಕಟ್ಟಿ ಇಟ್ಟಿದ್ದಳು.

ಬಸ್ಸಿನಲ್ಲಿ ಗಯಾಸುದ್ದೀನ ಕಿಟಕಿಯ ಕಡೆ ಕೂರಲಿಲ್ಲ. ಹೆಣಗಳನ್ನು ಹಾಕಿದ್ದರೆಂದು ಕೇಳಿದ್ದ ದಾರಿಯ ಬಾವಿಗಳನ್ನು, ಹಳ್ಳದ ಪೊದೆಗಳನ್ನು ನೋಡಬಾರದೆಂದು ನೆಲ ನೋಡುತ್ತ ಕೂತ. ಬಸ್ಸು ಎಲ್ಲೇ ನಿಲ್ಲಲಿ, ಹತ್ತುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಹುಮನಾಬಾದಿನಲ್ಲಿ ಇಳಿದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಊರ ಹೊರಗೆ, ಹಳ್ಳಿಖೇಡದ ದಾರಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಹಂಡೆ ಕೂತಿತ್ತು. ಇಟ್ಟಿಗೆಯ ಒಲೆಯ ಮೇಲೆ ಆಳೆತ್ತರದ ಕಬ್ಬಿಣದ ಹೊಟ್ಟೆ. ಮೇಲೆ ಒಬ್ಬ ಮನುಷ್ಯ ಹೆಗಲು ಕುಗ್ಗಿಸಿಕೊಂಡು ಇಳಿಯುವಷ್ಟು ಬಾಯಿ. ಅದನ್ನು ನೋಡುತ್ತಲೇ ಗಯಾಸುದ್ದೀನನಿಗೆ ತಾನು ಇಷ್ಟು ವರ್ಷ ಪಾಟಿಯ ಮೇಲೆ ಬರೆದದ್ದೆಲ್ಲ ಬರಿ ಮಾತೆನ್ನಿಸಿತು.

ಆದರೂ ಲೆಕ್ಕಕ್ಕೆ ಕೂತ. ಗ್ಲಿಸರಿನ್ನಿಗೆ ಮೂರು ಕೈ, ಥ್ಯಾಲಿಕ್ಕಿಗೆ ಎರಡು. ಎಣ್ಣೆಯೊಳಗಿನ ಆಮ್ಲಕ್ಕೆ ಒಂದೇ ಕೈ, ಅದು ಹಿಡಿದುಕೊಂಡ ಕವಲು ಅಲ್ಲಿಗೇ ಮುಗಿಯಿತು. ದೇವಿದಾಸನಿಗೆ ಅವನು ತಿಳಿಯುವ ಹಾಗೆ ಬಿಡಿಸಿ ಹೇಳಿದ.

“ಒಂದು ಸುದ್ದಿ ಅದ ಅಂತ ತಿಳಿ. ಕೇಳಿದವ ಪ್ರತಿಯೊಬ್ಬ ಇಬ್ಬರ ಕಿವಿಗೆ ಹಾಕ್ತಾನ. ಆ ಇಬ್ಬರಾಗ ಒಬ್ಬನೂ ಮುಂದ ಹೇಳದಿದ್ರ ಸುದ್ದಿ ಸಾಯ್ತದ. ಸರಾಸರಿ ಒಬ್ಬನಿಗಿಂತ ಹೆಚ್ಚು ಮಂದಿ ಮುಂದ ಹೇಳಾಕತ್ತಿದ್ರ ಊರೆಲ್ಲ ಹಬ್ಬತದ. ಕವಲೂ ಹಂಗ. ಮೂರು ಕೈಯ ಕಣಕ್ಕ ಒಂದು ಕೈಲಿಂದ ಬಂದ್ರ, ಹೋಗಾಕ ಎರಡು ಕೈ ಉಳಿತಾವ. ಒಂದೊಂದು ಕೈ ಮತ್ತೊಂದು ಮೂರು ಕೈಯವನ್ನ ಮುಟ್ಟೂ ಸಂಭವ ಅರ್ಧ ದಾಟಿದ ಕೂಡ್ಲೆ ಹಂಡೆ ಕಟ್ತದ.”

“ಅರ್ಧ ದಾಟ್ಯದೋ ಇಲ್ಲೋ ಹ್ಯಾಂಗ ಗೊತ್ತಾಗ್ತದ?”

“ಎಷ್ಟು ಆಮ್ಲ ಉಳದದ ಅಂತ ಕ್ಷಾರದ ಹನಿ ಹಾಕಿ ನೋಡೂದು. ಅದು ಇಳದಂಗ ಕೈ ಕೂಡ್ಯಾವ ಅಂತ ಅರ್ಥ.”

ಅವನ ಮೊದಲ ಕುದಿಯಲ್ಲಿ ಭಯವೇ ಲೆಕ್ಕ ಮಾಡಿತು. ಆಮ್ಲದ ಮಟ್ಟ ಅವನು ಹಾಕಿದ್ದ ಗಡಿಗಿಂತ ಎಷ್ಟೋ ಮೇಲಿರುವಾಗಲೇ ಒಲೆಯಿಂದ ಬೆಂಕಿ ಹೊರಗೆ ಎಳೆಸಿಬಿಟ್ಟ. ರಾಳ ಹರಿಯಿತು. ಸ್ವಲ್ಪ ಮಬ್ಬಾಗಿತ್ತು, ಎಣ್ಣೆಯ ಕೊಳೆ ಇರಬೇಕೆಂದು ಬಿಟ್ಟರು. ಆದರೆ ಹಲಗೆಗೆ ಬಳಿದ ವಾರ್ನಿಶ್ ಒಣಗಲೇ ಇಲ್ಲ. ಬೆರಳಿಟ್ಟರೆ ಅಂಟಿಕೊಳ್ಳುತ್ತಿತ್ತು, ನೊಣ ಕೂತರೆ ಏಳುತ್ತಿರಲಿಲ್ಲ. ಕವಲು ಸಾಕಷ್ಟು ಬೆಳೆದಿರಲಿಲ್ಲ. ಬೆಳೆದಷ್ಟೂ ವಾರ್ನಿಶ್ ಗಟ್ಟಿ, ಆದರೆ ಬೆಳೆದಷ್ಟೂ ಗಡಿ ಹತ್ತಿರ. ಬಸ್ಸು ಕಟ್ಟುವವರು ಮಾಲು ವಾಪಸು ಕಳಿಸಿದರು. ದೇವಿದಾಸ ಡಬ್ಬಗಳನ್ನು ಒಂದೊಂದಾಗಿ ತಾನೇ ಇಳಿಸಿಕೊಂಡ. ಅದನ್ನು ನೋಡುವುದು ಗಯಾಸುದ್ದೀನನಿಗೆ ಬೈದದ್ದಕ್ಕಿಂತ ಹೆಚ್ಚಾಯಿತು.

ಎರಡನೆಯ ಸಲಕ್ಕೆ ಸಿದ್ಧತೆ ನಡೆದಿದ್ದಾಗ ಒಂದು ಮಧ್ಯಾಹ್ನ ಮಚ್ಚೇಂದ್ರನ ಹೆಂಡತಿ ಕಾಂತಾಬಾಯಿ ಗಂಡನಿಗೆ ರೊಟ್ಟಿ ತಂದಳು. ಬೇಮಳಖೇಡದ ಕಡೆಯ ಹೆಣ್ಣು, ಕಟ್ಟಿಗೆ ಹೊರುವ ಕೂಲಿ ಆಕೆಯದು. ಬುತ್ತಿ ಇಟ್ಟು ನೇರ ಗಯಾಸುದ್ದೀನನ ಮುಂದೆ ನಿಂತಳು.

“ಯಾವಾಗ ನಿಲ್ಲಸಬೇಕು ಅಂತ ಹೇಳೂ ಸಾಹೇಬ್ರು ನೀವೇ ಏನ್ರಿ?”

“ಹೌದ್ರಿ.”

“ಹೋದ ಸಲ ಗಟ್ಟಿ ಆದಾಗ ಇವನ್ನ ಹಗ್ಗ ಹಾಕಿ ಎಳದ್ರು. ಮೂರು ದಿನ ಬರೇ ಕೆಮ್ಮಿದ. ಎದಿ ಇನ್ನೂ ಗೊರಗೊರ ಅಂತದ. ಮತ್ತ ಗಟ್ಟಿ ಆಗ್ತದೇನ್ರಿ?”

ಮಚ್ಚೇಂದ್ರ ದೂರದಿಂದ, “ಹೋಗು ನೀ, ಸಾಹೇಬ್ರಿಗಿ ಕಾಡಬ್ಯಾಡ,” ಎಂದ. ಆಕೆ ಕದಲಲಿಲ್ಲ.

ಗಯಾಸುದ್ದೀನ ತನ್ನ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ತಿರುವಿದ. ಅದರಲ್ಲಿ ಎರಡು ಊಹೆಗಳಿದ್ದವು. ಎಲ್ಲ ಕೈಗಳಿಗೂ ಕೂಡುವ ಅವಕಾಶ ಒಂದೇ ಸಮ ಎಂಬುದು ಒಂದು. ಯಾವ ಅಣುವೂ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವುದಿಲ್ಲ ಎಂಬುದು ಇನ್ನೊಂದು. ಎರಡನೆಯದು ಪೂರ್ತಿ ನಿಜವಲ್ಲ. ಕೆಲವು ಅಣುಗಳು ಬಳೆಯ ಹಾಗೆ ತಮ್ಮಲ್ಲೇ ಮುಚ್ಚಿಕೊಳ್ಳುತ್ತವೆ. ಆದರೆ ಹಾಗಾದಾಗ ಕೈಗಳು ವ್ಯರ್ಥವಾಗಿ, ಹೆಪ್ಪುಗಟ್ಟುವುದು ಲೆಕ್ಕಕ್ಕಿಂತ ತಡವಾಗುತ್ತದೆಯೇ ಹೊರತು ಬೇಗವಲ್ಲ.

“ಆಗಂಗಿಲ್ರಿ,” ಎಂದ. “ನನ್ನ ಲೆಕ್ಕ ತಪ್ಪಿದ್ರೂ ನಮ್ಮ ಕಡೀಗೇ ತಪ್ಪತದ.”

ಕಾಂತಾಬಾಯಿ ಅವನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಹೋದಳು. ಕೊಟ್ಟ ಮಾತು ಅವನ ಎದೆಯ ಮೇಲೆ ಕೂತಿತು. ಆ ವಾರ ಊಟ ಸೇರಲಿಲ್ಲ. ಕಲ್ಯಾಣಿಗೆ ಹೋದಾಗ ಬೀಬಿಜಾನ, “ಅಲ್ಲಿ ಯಾರರ ಏನರ ಅಂದ್ರೇನು?” ಎಂದು ಕೇಳಿದಳು. “ಯಾರೂ ಏನೂ ಅಂದಿಲ್ಲ ಅಮ್ಮಾ,” ಎಂದ. ಆಕೆ ನಂಬಲಿಲ್ಲ. ಜನರ ಭಯವೇ ಬೇರೆ, ಹಂಡೆಯ ಈ ಭಯವೇ ಬೇರೆ ಎಂದು ಹೇಳುವುದು ಅವನಿಗೂ ಆಗಲಿಲ್ಲ.

ಕುದಿಸುವ ದಿನ ಮೋಡ ಕವಿದಿತ್ತು. ಥ್ಯಾಲಿಕ್ಕಿನ ಘಾಟು ಚಪ್ಪರ ತುಂಬಿ ಎಲ್ಲರ ಕಣ್ಣಲ್ಲಿ ನೀರು. ಮಚ್ಚೇಂದ್ರ ಉದ್ದನೆಯ ಕೋಲಿನಿಂದ ಕಲಕುತ್ತಿದ್ದ. ಗಯಾಸುದ್ದೀನ ಸೌಟಿನಲ್ಲಿ ತೆಗೆದು ಹನಿ ಹಾಕಿ ನೋಡಿದ. ಆಮ್ಲ ಇಳಿಯುತ್ತಿತ್ತು, ಗಡಿ ಇನ್ನೂ ದೂರವಿತ್ತು. ಇನ್ನೊಮ್ಮೆ ನೋಡಿದ. ಇನ್ನೂ ದೂರ. ಹಾಗಿದ್ದೂ ಅವನ ಮನಸ್ಸಿಗೆ ಸಮಾಧಾನವಿಲ್ಲ. ದೇವಿದಾಸ, “ಹರಿಯಾಕತ್ತದ, ನಡೀಲಿ,” ಎಂದ. ಆಗಲೇ ಮಚ್ಚೇಂದ್ರನ ಕೋಲು ನಿಂತಿತು.

“ಕೋಲು ಭಾರ ಆಗ್ಯದ್ರಿ,” ಎಂದ ಅವನು.

“ಬೆಂಕಿ ಎಳೀರಿ. ತಳದ ನಳ ಬಿಡ್ರಿ,” ಎಂದ ಗಯಾಸುದ್ದೀನ.

ನಳದಿಂದ ಏನೂ ಬರಲಿಲ್ಲ. ಮೇಲಿನದು ಕೋಲನ್ನು ಹಿಡಿದುಕೊಂಡು ರಬ್ಬರಿನ ಹಾಗೆ ಎದ್ದು ಬಂತು, ಬಿಟ್ಟರೆ ಹಿಂದಕ್ಕೆ ಸರಿಯಿತು. ಲೆಕ್ಕದ ಗಡಿ ಇನ್ನೂ ದೂರವಿರುವಾಗಲೇ ಹಂಡೆ ಕಟ್ಟಿತ್ತು. ಯಾವ ಕಡೆಗೆ ತಪ್ಪುವುದಿಲ್ಲ ಎಂದಿದ್ದನೋ ಆ ಕಡೆಗೇ ತಪ್ಪಿತ್ತು. ಗಯಾಸುದ್ದೀನ ಕಟ್ಟಿಗೆಯ ರಾಶಿಯ ಮೇಲೆ ಕೂತುಬಿಟ್ಟ.

ಹಂಡೆ ತಣ್ಣಗಾದ ಮರುದಿನ ಮಚ್ಚೇಂದ್ರ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳತೊಡಗಿದ. ಕಾಂತಾಬಾಯಿಯೂ ಬಂದಿದ್ದಳು. ಚಪ್ಪರದ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದಳು. ಗಯಾಸುದ್ದೀನ ಹೋಗಿ ಹಗ್ಗದ ತುದಿ ಹಿಡಿದ.

“ಬಿಚ್ಚು. ನಾ ಇಳಿತೀನಿ.”

ದೇವಿದಾಸ ಓಡಿ ಬಂದ. “ನಿನಗ ಹುಚ್ಚು ಹಿಡದದೇನು? ಉಳಿ ಹಿಡದು ಗೊತ್ತದೇನು ನಿನಗ? ನಾಳೆ ನಿಮ್ಮಮ್ಮಗ ನಾ ಏನು ಹೇಳ್ಲಿ?”

“ಲೆಕ್ಕ ನಂದು ದೇವಿದಾಸ.”

“ಲೆಕ್ಕ ತಪ್ಪತಾವ.”

“ತಪ್ಪಿದ್ದು ಯಾಕ ಅಂತ ಗೊತ್ತಾಗಬೇಕಂದ್ರೂ ಒಳಗೇ ನೋಡಬೇಕು.”

ಮಚ್ಚೇಂದ್ರ ದೇವಿದಾಸನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಆಮೇಲೆ ಹಗ್ಗ ಬಿಚ್ಚಿ ಗಯಾಸುದ್ದೀನನ ಸೊಂಟಕ್ಕೆ ಕಟ್ಟಿ, ಗಂಟನ್ನು ತಾನೇ ಎರಡು ಸಲ ಜಗ್ಗಿ ನೋಡಿದ. “ತಲಿ ತಿರಗಿದಂಗ ಆದ್ರ ಹಗ್ಗ ಅಲಗಾಡಿಸ್ರಿ. ಶರಮ್ ನಾಚಿಕಿ ಮಾಡಬ್ಯಾಡ್ರಿ,” ಎಂದ.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗಯಾಸುದ್ದೀನ ಇಳಿದ. ಹೆಗಲು ಬಾಯಿಯಲ್ಲಿ ಸಿಕ್ಕಿಕೊಂಡಾಗ ಉಸಿರು ಕಟ್ಟಿತು. ತಾನು ನೋಡದೆ ಬಂದ ದಾರಿಯ ಬಾವಿಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಅಣ್ಣನಿಗೂ ಕೊನೆಗೆ ಇಂಥದೇ ಕತ್ತಲು, ಮೇಲೊಂದು ಬೆಳಕಿನ ಗುಂಡು ಕಂಡಿತ್ತೇ ಎಂದುಕೊಂಡ. ಆ ಯೋಚನೆ ಬಂದ ಮೇಲೆ ಉಳಿ ಇಟ್ಟಲ್ಲಿ ನಿಲ್ಲಲಿಲ್ಲ. ಹಗ್ಗ ಅಲುಗಿಸಬೇಕೆನ್ನಿಸಿತು. ಅಲುಗಿಸಲಿಲ್ಲ. ಕಾಲ ಕೆಳಗಿನ ರಾಳಕ್ಕೆ ಸುತ್ತಿಗೆ ಹಾಕಿದ.

ಮೇಲಿನ ಪದರ ಮೆತ್ತಗಿತ್ತು. ಉಳಿ ತಾಗಿದರೆ ಬಿರಿದು ಎಣ್ಣೆ ಒಸರುತ್ತಿತ್ತು. ಕೈಯಳತೆ ಕೆಳಗೆ ಹೋದಂತೆ ಉಳಿ ಠಣ್ ಎಂದಿತು. ಅಲ್ಲಿ ಗಾಜಿನಂಥ ಗಟ್ಟಿ, ಎಣ್ಣೆಯ ಹನಿಯೇ ಇಲ್ಲ. ಅವನು ಎರಡು ಚೂರನ್ನೂ ಎಡಗೈಯಲ್ಲಿಟ್ಟುಕೊಂಡು ಬೆಳಕಿಗೆ ಎತ್ತಿ ಹಿಡಿದ. ಒಂದೇ ಹಂಡೆ, ಒಂದೇ ಕುದಿ, ಎರಡು ಬೇರೆ ವಸ್ತು. ಅವನ ಲೆಕ್ಕದಲ್ಲಿ ಇದಕ್ಕೆ ಜಾಗವಿರಲಿಲ್ಲ.

ಎಣ್ಣೆ ಮತ್ತು ಗ್ಲಿಸರಿನ್ ಒಂದರಲ್ಲೊಂದು ಬೆರೆಯುವುದಿಲ್ಲ. ಭಾರವಾದ ಗ್ಲಿಸರಿನ್ ತಳಕ್ಕೆ ಹೋಗಿತ್ತು. ಥ್ಯಾಲಿಕ್ ಅದರ ಜೊತೆಗೇ ಕೂಡಿಕೊಂಡಿತ್ತು. ಕವಲನ್ನು ನಿಲ್ಲಿಸಬೇಕಾದ ಒಂಟಿ ಕೈಗಳು ಪಾಟಿಯ ಮೇಲೆ ಎಲ್ಲ ಕಡೆ ಹರಡಿದ್ದವು. ಹಂಡೆಯಲ್ಲಿ ಅವು ಮೇಲೆ ತೇಲುತ್ತ, ಬೇಕಾದಲ್ಲಿ ಇರಲೇ ಇಲ್ಲ. ಎರಡನೆಯ ಊಹೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವನು ಎಲ್ಲ ಕೈಗಳಿಗೂ ಅವಕಾಶ ಒಂದೇ ಸಮ ಎಂಬ ಮೊದಲನೆಯದನ್ನು ಒಮ್ಮೆಯೂ ತಟ್ಟಿ ನೋಡಿರಲಿಲ್ಲ. ಮೊದಲ ಕುದಿಯ ಮಬ್ಬನ್ನು ನೋಡಿಯೂ ಕೊಳೆ ಎಂದು ಬಿಟ್ಟಿದ್ದ.

ಅಷ್ಟು ತಿಳಿಯುವ ಹೊತ್ತಿಗೆ ಬೆಳಕಿನ ಗುಂಡು ಎರಡಾಗಿ ಕಾಣತೊಡಗಿತು. ಹಗ್ಗ ಅವನು ಅಲುಗಿಸಿದನೋ, ಮಚ್ಚೇಂದ್ರನೇ ಎಳೆದನೋ, ನೆನಪಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲೆ ಇದ್ದ. ಕಾಂತಾಬಾಯಿ ಮುಖಕ್ಕೆ ನೀರು ಎರಚುತ್ತಿದ್ದಳು.

“ಯಾಕ ಆತು ಅಂತ ಗೊತ್ತಾತು,” ಎಂದ ಅವನು ಕೆಮ್ಮುತ್ತ.

“ಚಲೋ ಆತ್ರಿ,” ಎಂದಳು ಆಕೆ. “ಆದ್ರ ಇನ್ನ ಮುಕ್ಕಾಲು ಹಂಡೆ ಹಂಗೇ ಅದ. ಅದನ್ನ ಯಾರು ತೆಗಿತಾರ?”

 ದೇವಿದಾಸ ಹಂಡೆಯ ಮಗ್ಗುಲಿನ ಇಟ್ಟಿಗೆ ಬಿಚ್ಚಿಸಿ, ಕಮ್ಮಾರನನ್ನು ಕರೆಸಿ, ಗಾಳಿ ಆಡುವ ಹಾಗೆ, ಕುದಿಸುವಾಗ ಬಿಗಿಯಾಗಿ ಮುಚ್ಚುವಂಥ ಒಂದು ಕಿಂಡಿಯನ್ನು ಕೆಳಗೆ ಕೊರೆಸಿದ. ಮೊದಲೇ ಮಾಡಬೇಕಾಗಿದ್ದ ಕೆಲಸ ಎಂದು ತಾನೇ ಹೇಳಿಕೊಂಡ. ಆಮೇಲೆ ಮೂವರೂ ಸರದಿಯ ಮೇಲೆ ಇಳಿದರು. ಗಯಾಸುದ್ದೀನನ ಸರದಿ ಎಲ್ಲರಿಗಿಂತ ಚಿಕ್ಕದಾಗಿರುತ್ತಿತ್ತು. ಮಚ್ಚೇಂದ್ರ ಹಗ್ಗವನ್ನು ಬೇಗ ಎಳೆದುಬಿಡುತ್ತಿದ್ದ.

ಮನೆಗೆ ಹೋಗಿ ಗಯಾಸುದ್ದೀನ ಹೊಸದಾಗಿ ಲೆಕ್ಕ ಹಾಕಿದ. ಹಂಡೆಯನ್ನು ಒಂದು ಎಂದುಕೊಳ್ಳದೆ ಎರಡು ಎಂದುಕೊಂಡ. ಎಣ್ಣೆ ತಲುಪಿದ ಭಾಗ ಒಂದು, ತಲುಪದ ಭಾಗ ಒಂದು. ತಲುಪದ ಭಾಗದಲ್ಲಿ ಕವಲು ಮುಂದುವರಿಯುವ ಸಂಭವ ಎಷ್ಟು ಬೇಗ ಅರ್ಧ ದಾಟುತ್ತದೆ ಎಂದು ನೋಡಿದ. ಬಂದ ಉತ್ತರ, ಮಚ್ಚೇಂದ್ರನ ಕೋಲು ನಿಂತ ಹೊತ್ತಿನ ಆಮ್ಲದ ಮಟ್ಟಕ್ಕೆ ಹತ್ತಿರವೇ ಇತ್ತು. ಸಂತೋಷಪಡಬೇಕಾಗಿತ್ತು. ಅವನಿಗೆ ಆದದ್ದು ಹೆದರಿಕೆ. ಮೊದಲ ಲೆಕ್ಕವೂ ಹೀಗೇ ಚೊಕ್ಕಟವಾಗಿ ಕಂಡಿತ್ತಲ್ಲ. ಈ ಲೆಕ್ಕದೊಳಗೂ ತಾನು ತಟ್ಟಿ ನೋಡದ ಊಹೆ ಯಾವುದಿದೆಯೋ.

ಮೂರನೆಯ ಕುದಿ ಐವತ್ತರ ಸಂಕ್ರಾಂತಿಯ ಆಚೀಚೆ. ಈ ಸಲ ಮೊದಲು ಎಣ್ಣೆ, ಗ್ಲಿಸರಿನ್, ಕೂಡಿಕೆ ಚುರುಕಾಗಲು ಒಂದು ಚಿಟಿಕೆ ಸುಣ್ಣ ಅಷ್ಟೇ ಹಾಕಿ ಕಾಯಿಸಿದರು. ಬಿಸಿಗೆ ಎಣ್ಣೆಯ ಆಮ್ಲಗಳು ತಮ್ಮ ಹಿಡಿತ ಬಿಟ್ಟು ಗ್ಲಿಸರಿನ್ನಿಗೆಲ್ಲ ಹಂಚಿಹೋಗಬೇಕು, ಹಾಗಾದರೆ ಮೂರು ಕೈಯ ಕಣಗಳ ಒಂದೊಂದು ಕೈ ಮೊದಲೇ ಕಟ್ಟಿಹೋಗುತ್ತದೆ ಎಂಬುದು ಅವನ ವಿಚಾರ. ಹಂಚಿಹೋಗಿದೆಯೇ ಎಂದು ನೋಡಲು ಒಂದು ಹನಿಯನ್ನು ಸ್ಪಿರಿಟ್ಟಿನಲ್ಲಿ ಬಿಟ್ಟ; ಹಂಚದೆ ಉಳಿದ ಎಣ್ಣೆ ಅದರಲ್ಲಿ ಕರಗುವುದಿಲ್ಲ. ಮಬ್ಬಾಯಿತು. ಇನ್ನಷ್ಟು ಕಾಯಿಸಿ ಬಿಟ್ಟ. ಮತ್ತೆ ಮಬ್ಬು. ದೇವಿದಾಸ ಥ್ಯಾಲಿಕ್ಕಿನ ಚೀಲದ ಬಾಯಿ ಬಿಚ್ಚಿಕೊಂಡು ಕಾದಿದ್ದ.

“ಸಾಕಲ್ಲ?”

“ಇಲ್ಲ.”

ಬಹಳ ಹೊತ್ತಿನ ಮೇಲೆ ಒಂದು ಹನಿ ಸ್ಪಿರಿಟ್ಟಿನಲ್ಲಿ ಗುರುತಿಲ್ಲದೆ ಕರಗಿತು. ಮತ್ತೊಂದು ಹನಿ ಬಿಟ್ಟು ನೋಡಿದ, ಅದೂ ಕರಗಿತು. ಆಗ ಚೀಲ ಸುರಿದರು.

ಮುಂದಿನ ಹೊತ್ತು ಅವನಿಗೆ ಅತ್ಯಂತ ಕಷ್ಟದ್ದು. ಆಮ್ಲ ಇಳಿಯಿತು. ಹೋದ ಸಲ ಕಟ್ಟಿದ ಮಟ್ಟ ಬಂತು.  ಕೋಲು ತಿರುಗುತ್ತಲೇ ಇತ್ತು. ಲೆಕ್ಕದ ಗಡಿ ಬಂತು, ರಾಳ ಇನ್ನೂ ಜೇನಿನ ಹಾಗೆ ಹರಿಯುತ್ತಿತ್ತು. ಬಳೆಗಳಾಗಿ ಮುಚ್ಚಿಕೊಂಡ ಅಣುಗಳು ಕೊಟ್ಟ ಅವಕಾಶ ಇದು. ಅದು ಎಷ್ಟೆಂದು ಮಾತ್ರ ಅವನ ಗಣಿತ ಹೇಳುತ್ತಿರಲಿಲ್ಲ.

“ನಿಲ್ಲಸೋಣ?” ಎಂದ ದೇವಿದಾಸ.

ಇಲ್ಲಿ ನಿಲ್ಲಿಸಿದರೆ ವಾರ್ನಿಶ್ ಮತ್ತೆ ಅಂಟಬಹುದು. ಮುಂದೆ ಹೋದರೆ ಹಂಡೆ ಕಟ್ಟಬಹುದು. ಗಯಾಸುದ್ದೀನ ಮಚ್ಚೇಂದ್ರನ ಕೈಯಿಂದ ಕೋಲು ತೆಗೆದುಕೊಂಡು ತಾನೇ ತಿರುವಿದ. ಭಾರ ಕೂಡುತ್ತಿತ್ತು, ಆದರೆ ಮೆಲ್ಲಗೆ. ಇನ್ನೂ ಎರಡು ಹನಿ ಪರೀಕ್ಷೆ ಆಗುವವರೆಗೆ ತಿರುವಿದ. ಆಮೇಲೆ ರಾಳ ಕೋಲಿನ ಬುಡವನ್ನು ಹತ್ತತೊಡಗಿತು, ಬೆರಳಷ್ಟು.

“ಬೆಂಕಿ ಎಳೀರಿ. ಬಿಡ್ರಿ ನಳ.”

ರಾಳ ತಿಳಿಯಾಗಿ, ಚಹಾದ ಬಣ್ಣದಲ್ಲಿ ಹರಿಯಿತು. ಕಡೆಯ ಹನಿ ಹೋಗುವವರೆಗೆ ಅವನು ನಳದ ಬಾಯಿಯಿಂದ ಕಣ್ಣು ತೆಗೆಯಲಿಲ್ಲ. ಟರ್ಪೆಂಟೈನ್ ಬೆರೆಸಿ ಹಲಗೆಗೆ ಬಳಿದದ್ದು ಮರುದಿನದ ಹೊತ್ತಿಗೆ ಉಗುರಿಗೆ ಜಗ್ಗದಷ್ಟು ಒಣಗಿತ್ತು. ದೇವಿದಾಸ ಹಲಗೆಯ ಮೇಲೆ ಮತ್ತೆ ಮತ್ತೆ ಅಂಗೈ ಆಡಿಸಿದ. ಮಚ್ಚೇಂದ್ರ ಹೋಗಿ ಹಂಡೆಯೊಳಗೆ ಇಣುಕಿದ, ಬರಿದಾದ ತಳ ನೋಡಿ ಬೀಡಿ ಹೊತ್ತಿಸಿದ.

ಕಾಂತಾಬಾಯಿ ಕಟ್ಟಿಗೆಯ ಹೊರೆ ಇಳಿಸಿ ಕೇಳಿದಳು, “ಇನ್ನ ಮ್ಯಾಲ ಯಾರೂ ಇಳಿಯೂದು ಬ್ಯಾಡಲ್ರಿ?”

ಈ ಸಲ ಗಯಾಸುದ್ದೀನ ತಡೆದು ಉತ್ತರ ಕೊಟ್ಟ. “ಹಂಗ ಅಂತ ಮಾತು ಕೊಡಾಕ ಆಗಂಗಿಲ್ರಿ. ಎಣ್ಣಿ ಬ್ಯಾರೆ ಬಂದ್ರ, ಗಾಳಿ ಥಂಡಿ ಇದ್ರ, ಮತ್ತ ನೋಡಬೇಕು. ನಾ ಪ್ರತಿ ಸಲ ಇಲ್ಲೇ ಇರ್ತೀನಿ.”

ಆಕೆ ಸ್ವಲ್ಪ ಯೋಚಿಸಿ, “ಇರ್ರಿ ಹಂಗಾದ್ರ,” ಎಂದಳು.

ಆ ಬೇಸಿಗೆಯೆಲ್ಲ ಅವನು ಹುಮನಾಬಾದಿನಲ್ಲೇ ಕೋಣೆ ಹಿಡಿದು ಇದ್ದ. ಬೀಬಿಜಾನ ಬಹಳ ಅತ್ತು, ಆಮೇಲೆ ತಾನೇ ಅಲ್ಲಿಗೆ ಬಂದು ಉಳಿದಳು. ಮೇ ತಿಂಗಳಲ್ಲಿ ಹಂಡೆ ಇನ್ನೊಮ್ಮೆ ಕಟ್ಟಿತು, ಸ್ವಲ್ಪವೇ, ತಳದಲ್ಲಿ. ಅಂದು ಕಿಂಡಿಯಿಂದ ಮೊದಲು ಒಳಗೆ ಕೈ ಹಾಕಿದವನು ಗಯಾಸುದ್ದೀನನೇ. ಕಿತ್ತ ಚೂರನ್ನು ಒರೆಸಿ ಬಿಸಿಲಿಗೆ ಹಿಡಿದು, ಇದರಲ್ಲಿ ಎಣ್ಣೆ ಎಲ್ಲಿಯವರೆಗೆ ತಲುಪಿದೆ ಎಂದು ನೋಡತೊಡಗಿದ.